ಎಂಟು ಸೆಕೆಂಡಿನ ನಡೆಗಳು

ಶಿರಸಿ, 3 ಆಗಸ್ಟ್ 2025, ಭಾನುವಾರ

ಮಳೆ ಹೊಳವಾಗಲಿಲ್ಲ. ಅಡಿಕೆಗೆ ಎರಡನೇ ಸಲದ ಕೊಳೆರೋಗದ ಮದ್ದನ್ನು ಇವತ್ತೂ ಹೊಡೆಯಲಾಗಲಿಲ್ಲ. ಆದರೆ ದಿನವಿಡೀ ಮನಸ್ಸು ತೋಟದ ಕಡೆ ಹೋಗಲೇ ಇಲ್ಲ.

ಅಕ್ಕನ ಮಗ ನಿನ್ನೆ ಕುಮಟೆಯಿಂದ ಬಂದಿದ್ದಾನೆ. ಹದಿನಾಲ್ಕು ವರ್ಷ. ಅವನಿಗೆ ಚದುರಂಗ ಕಲಿಸಿದವನು ನಾನು. ಎಂಜಿನ್, ಅಂದರೆ ಸರಿಯಾದ ನಡೆ ಹೇಳಿಕೊಡುವ ಕಂಪ್ಯೂಟರ್ ತಂತ್ರಾಂಶದ ನೆರವಿನಿಂದ ಆಡಿದ್ದಾನೆಂದು ಅವನ ಆನ್‌ಲೈನ್ ಚೆಸ್ ಖಾತೆಯನ್ನು ಮುಚ್ಚಿದ್ದಾರೆ. ತಪ್ಪು ತಿಳಿದಿರಬಹುದೆಂಬ ಆಸೆಯಿಂದ ಬೆಳಿಗ್ಗೆ ಅವನ ಆಟಗಳನ್ನು ಒಂದೊಂದಾಗಿ ನೋಡಿದೆ. ನಡೆಗಳಿಗಿಂತ ಮೊದಲು ಸಮಯವೇ ಎಲ್ಲವನ್ನೂ ಹೇಳಿಬಿಟ್ಟಿತು. ಕುದುರೆಗೆ ಕುದುರೆ ಕಡಿಯಲು 8 ಸೆಕೆಂಡು. ರಾಣಿಯನ್ನು ಬಿಟ್ಟುಕೊಟ್ಟು ಆರು ನಡೆಗಳಾಚೆಯ ಗೆಲುವನ್ನು ಕಾಣಲಿಕ್ಕೂ 8 ಸೆಕೆಂಡು. ಮನುಷ್ಯ ಹಾಗೆ ಯೋಚಿಸುವುದಿಲ್ಲ.

1997ರಲ್ಲಿ ವಿಶ್ವ ಚೆಸ್ ಚಾಂಪಿಯನ್ ಕ್ಯಾಸ್ಪರೋವ್ ಅವರನ್ನು ಸೋಲಿಸಿದ ಡೀಪ್ ಬ್ಲೂ ಕಂಪ್ಯೂಟರ್ ಕಪಾಟಿನಷ್ಟು ದೊಡ್ಡ ಯಂತ್ರವಾಗಿತ್ತು. ಅದನ್ನು ಮೀರಿಸುವ ಸ್ಟಾಕ್‌ಫಿಶ್ ಎಂಬ ಎಂಜಿನ್ ಈಗ ಹುಡುಗನ ಅಂಗೈಗೆ ಪುಕ್ಕಟೆಯಾಗಿ ಬಂದಿದೆ.

ಗದರಿಸದೆ ಕೇಳಿದೆ. ಒಂದೇ ರಾತ್ರಿ ಐದು ಆಟ ಸೋತು ರೇಟಿಂಗ್, ಅಂದರೆ ಆಟಗಾರನ ಮಟ್ಟ ತೋರಿಸುವ ಅಂಕ, ಕುಸಿದಿತ್ತಂತೆ. ಬೆಳಗಾದರೆ ಗೆಳೆಯರಿಗೆ ಕಾಣುತ್ತದೆಂಬ ಸಂಕಟ. ಆರನೇ ಆಟದಲ್ಲಿ ಮೊದಲ ಸಲ ಎಂಜಿನ್ ನೋಡಿದನಂತೆ. "ಮಾವ, ಆ ನಡೆ ನನಗೂ ಹೊಳೆದಿತ್ತು. ಸರಿಯೋ ತಪ್ಪೋ ಎಂದು ನೋಡಿಕೊಂಡೆ, ಅಷ್ಟೇ" ಎಂದ.

ಅವನು ಸುಳ್ಳು ಹೇಳುತ್ತಿರಲಿಲ್ಲ. ನನಗೆ ಭಯವಾದದ್ದು ಅದಕ್ಕೇ. 2011ರಲ್ಲಿ ಪ್ರಕಟವಾದ ಒಂದು ಮನೋವೈಜ್ಞಾನಿಕ ಅಧ್ಯಯನದಲ್ಲಿ ಕೆಲವರಿಗೆ ಪ್ರಶ್ನೆಗಳ ಜೊತೆ ಅದೇ ಹಾಳೆಯ ಕೆಳಗೆ ಉತ್ತರಗಳನ್ನೂ ಕೊಟ್ಟಿದ್ದರು. ಸಹಜವಾಗಿ ಅವರಿಗೆ ಹೆಚ್ಚು ಅಂಕ ಬಂತು. ಮುಂದಿನ ಪರೀಕ್ಷೆಗೆ ಉತ್ತರ ಇರುವುದಿಲ್ಲವೆಂದು ತಿಳಿದ ಮೇಲೂ ತಮಗೆ ಅಷ್ಟೇ ಚೆನ್ನಾಗಿ ಬರುತ್ತದೆಂದು ಅವರು ನಂಬಿದ್ದರು. ಕದ್ದ ಅಂಕವನ್ನು ತಮ್ಮ ಬುದ್ಧಿಯ ಖಾತೆಗೇ ಜಮಾ ಮಾಡಿಕೊಂಡಿದ್ದರು. ಒಳ್ಳೆಯ ಚಾಲಿ ಅಡಿಕೆಯ ಚೀಲದ ತಳಕ್ಕೆ ಕೋಕಾ ಎಂಬ ಕಳಪೆ ಅಡಿಕೆ ಬೆರೆಸುವವನಿಗೆ ತಾನು ಬೆರೆಸಿದ್ದೆಷ್ಟು ಎಂಬ ಲೆಕ್ಕವಾದರೂ ಇರುತ್ತದೆ. ನಮ್ಮ ಹುಡುಗನಿಗೆ ತನ್ನದೆಷ್ಟು, ಎಂಜಿನ್ನಿನದೆಷ್ಟು ಎಂಬುದೇ ತಿಳಿಯದಂತಾಗಿದೆ.

ಅವನ ಇಬ್ಬರು ಗೆಳೆಯರೂ ಹೀಗೇ ಆಡುತ್ತಾರಂತೆ. ಇದರಲ್ಲಿ ಆಶ್ಚರ್ಯವಿಲ್ಲ. ಸ್ಟೀಮ್ ಎಂಬ ಗೇಮಿಂಗ್ ಜಾಲದ 1.2 ಕೋಟಿಗೂ ಹೆಚ್ಚು ಆಟಗಾರರ ಸ್ನೇಹಸಂಬಂಧಗಳನ್ನು ಸಂಶೋಧಕರು ಪರಿಶೀಲಿಸಿದಾಗ, ಮೋಸಕ್ಕಾಗಿ ಗುರುತು ಬಿದ್ದ 7 ಲಕ್ಷಕ್ಕೂ ಹೆಚ್ಚು ಮಂದಿ ಸಿಕ್ಕಿದ್ದರು. ಉಳಿದವರಿಗೆ ಹೋಲಿಸಿದರೆ ಅಂಥವರಿಗೆ ಮೋಸಗಾರ ಗೆಳೆಯರು ಹೆಚ್ಚು; ಚಾಳಿ ಗೆಳೆತನದ ದಾರಿಯಲ್ಲೂ ಹಬ್ಬುತ್ತದೆ.

"ದೊಡ್ಡವರೂ ಮಾಡಿದ್ದಾರಲ್ಲ" ಎಂದ. ನಿಜ. 2021ರ ಜೂನ್‌ನಲ್ಲಿ ದೇಣಿಗೆಗಾಗಿ ನಡೆದ ಆನ್‌ಲೈನ್ ಆಟದಲ್ಲಿ ಬೆಂಗಳೂರಿನ ಉದ್ಯಮಿ ನಿಖಿಲ್ ಕಾಮತ್ ಅವರು ವಿಶ್ವನಾಥನ್ ಆನಂದ್ ಎದುರು ಗೆದ್ದು, ಮರುದಿನ ಕಂಪ್ಯೂಟರಿನ ನೆರವು ಪಡೆದದ್ದನ್ನು ಒಪ್ಪಿಕೊಂಡರು. ಮರುದಿನವೇ ಒಪ್ಪಿಕೊಂಡರು ಎಂಬುದನ್ನು ಇವನಿಗೆ ಒತ್ತಿ ಹೇಳಿದೆ.

ಕೊನೆಗೆ, "ನೀನು ಸೋಲಿಸಿದ್ದು ಯಾರನ್ನು?" ಎಂದೆ. ಸ್ವಲ್ಪ ಹೊತ್ತು ಯೋಚಿಸಿ, "ಯಾರೋ, 1640" ಎಂದ. ಹೆಸರಿಲ್ಲ, ಮುಖವಿಲ್ಲ, ಬರೀ ರೇಟಿಂಗ್. ಸಂಖ್ಯೆಗೆ ಮೋಸ ಮಾಡಲು ಕೈ ನಡುಗುವುದಿಲ್ಲ. ಆ 1640 ಕೂಡ ಯಾವುದೋ ಮನೆಯಲ್ಲಿ ನಿದ್ದೆಗೆಟ್ಟು ಕುಳಿತ ಹುಡುಗನೋ ಹುಡುಗಿಯೋ ಆಗಿರಬೇಕು. ತನ್ನ ತಪ್ಪು ಎಲ್ಲಿ ಎಂದು ಹುಡುಕಿ ಹುಡುಕಿ ದಣಿದಿರಬೇಕು. ಇದನ್ನು ಹೇಳಿದಾಗ ಮಾತ್ರ ಹುಡುಗ ತಲೆ ತಗ್ಗಿಸಿದ.

ಸಂಜೆ ಕರೆಂಟು ಹೋಯಿತು. ಅಟ್ಟದಿಂದ ಮರದ ಮಣೆಯನ್ನು ಇಳಿಸಿ, "ಬಾ ತಮಾ" ಎಂದು ಜಗಲಿಯಲ್ಲಿ ಕುಳಿತೆ. ಮೊದಮೊದಲು ಪ್ರತಿ ನಡೆಗೂ ಅವನ ಕಣ್ಣು ಬಲಗಡೆಗೆ, ಮೊಬೈಲ್ ಇರುತ್ತಿದ್ದ ಜಾಗಕ್ಕೆ ಹೋಗಿಬರುತ್ತಿತ್ತು. ನಾನು ಅವನ ಕುದುರೆಯನ್ನು ಕಡಿದಾಗ ರೆಪ್ಪೆ ಮಿಟುಕಿಸುವುದರೊಳಗೆ ನನ್ನದನ್ನು ಕಡಿದ. ಮುಂದಿನ ನಡೆಗೆ ಗಲ್ಲಕ್ಕೆ ಕೈಕೊಟ್ಟು ಕುಳಿತವನು, ಲಾಟೀನಿನ ಬತ್ತಿಯನ್ನು ನಾನು ಎರಡು ಸಲ ಏರಿಸಿದರೂ ಮಣೆಯಿಂದ ಕಣ್ಣು ತೆಗೆಯಲಿಲ್ಲ.