ನಾಲ್ಕು ವರ್ಷವೂ ಬಾಳದ ವಾರ್ಸಾ ಜಿಲ್ಲೆ

ಪೋಲೆಂಡಿನಲ್ಲಿ ವಾರ್ಸಾ ಜಿಲ್ಲೆ ಅಂತ ಒಂದಿತ್ತು. 1999ರ ಜನವರಿ 1ರಂದು ಹುಟ್ಟಿತು, 2002ರ ಅಕ್ಟೋಬರ್ 27ಕ್ಕೆ ಇಲ್ಲವಾಯಿತು. ನಾನು ಕೆಲಸಕ್ಕೆಂದು ಈ ಊರಿಗೆ ಬರುವಷ್ಟರಲ್ಲಿ ಅದರ ಮಾತೆತ್ತುವವರೇ ಇರಲಿಲ್ಲ.

ಇಲ್ಲಿ ಜಿಲ್ಲೆಗೆ ಪೋವ್ಯಾತ್ ಅನ್ನುತ್ತಾರೆ. ಕಮ್ಯುನಿಸ್ಟ್ ಸರ್ಕಾರ 1975ರಲ್ಲಿ ಪೋವ್ಯಾತ್‌ಗಳನ್ನೆಲ್ಲ ತೆಗೆದುಹಾಕಿ 49 ಪ್ರಾಂತ್ಯ ಮಾಡಿತ್ತು. 1999ರಲ್ಲಿ ಪ್ರಾಂತ್ಯಗಳು 16ಕ್ಕೆ ಇಳಿದವು, ಪೋವ್ಯಾತ್ ಮರಳಿ ಬಂತು. ದೊಡ್ಡ ಊರುಗಳಿಗೆ ಸಲೀಸಾದ ದಾರಿಯಿತ್ತು: ನಗರಸಭೆಯೇ ಜಿಲ್ಲೆಯ ಕೆಲಸವನ್ನೂ ನೋಡಿಕೊಳ್ಳುವುದು. ಕ್ರಾಕೋವ್ ಹಾಗೇ ಮಾಡಿತು.

ವಾರ್ಸಾದ ಕಷ್ಟ ಬೇರೆ. 1994ರ ಕಾನೂನು ಅದನ್ನು 11 ಗ್ಮಿನಾಗಳ ಒಕ್ಕೂಟ ಮಾಡಿಬಿಟ್ಟಿತ್ತು. ಗ್ಮಿನಾ ಅಂದರೆ ತೀರಾ ಕೆಳಹಂತದ ಸ್ಥಳೀಯ ಸಂಸ್ಥೆ. ಅದರಲ್ಲೂ ಎಂಥ ಅಸಮ ಪಾಲು ನೋಡಿ! ತ್ಸೆಂತ್ರುಮ್ ಅನ್ನೋ ಒಂದೇ ಗ್ಮಿನಾದಲ್ಲಿ ಊರಿನ ಅರ್ಧಕ್ಕಿಂತ ಜಾಸ್ತಿ ಜನ. ಅದರೊಳಗೆ ಮತ್ತೆ 7 ವಿಭಾಗ. ಅದರ ಮೇಯರೇ ಇಡೀ ವಾರ್ಸಾಗೂ ಮೇಯರ್. ಇನ್ನೊಂದು ಕಡೆ ವಿಲಾನೂಫ್‌ನಂಥ ಪುಟ್ಟ ಗ್ಮಿನಾಗಳು. ಇಷ್ಟನ್ನೂ ಸೇರಿಸಿ ಮೇಲೊಂದು ಜಿಲ್ಲೆ ಕೂರಿಸಿದರು. ತ್ಸೆಂತ್ರುಮ್‌ನಲ್ಲಿ ಇದ್ದವರಿಗೆ ವಿಭಾಗದ ಕೌನ್ಸಿಲ್, ಗ್ಮಿನಾ ಕೌನ್ಸಿಲ್, ವಾರ್ಸಾ ಕೌನ್ಸಿಲ್, ಜಿಲ್ಲಾ ಕೌನ್ಸಿಲ್, ಆಮೇಲೆ ಪ್ರಾಂತ್ಯದ ಸಭೆ. ಒಂದು ರಸ್ತೆಗುಂಡಿಗೆ ಯಾರ ಬಾಗಿಲು ತಟ್ಟಬೇಕಿತ್ತೋ! ನನ್ನ ಪ್ರಕಾರ ಆ ಜಿಲ್ಲೆ ಬೇಕಾಗಿದ್ದು ಕಾನೂನಿಗೆ, ಜನಕ್ಕಲ್ಲ.

ಆದರೂ ಆ ಕಾಲದ ಗುರುತು ದಿನಾ ಕಣ್ಣಿಗೆ ಬೀಳುತ್ತದೆ, ಕಾರುಗಳ ಮೇಲೆ. ಹೊಸ ನಂಬರ್ ಪ್ಲೇಟ್ ಬಂದದ್ದು 2000ರಲ್ಲಿ. ಆಗ ಇಡೀ ವಾರ್ಸಾಗೆ ಒಂದೇ ಕೋಡ್ ಕೊಡುವ ಬದಲು ಗ್ಮಿನಾ, ವಿಭಾಗ ನೋಡಿ ಅಕ್ಷರ ಹಂಚಿದರು. ಮೊದಲು ಪ್ರಾಂತ್ಯದ ಡಬ್ಲ್ಯೂ, ಆಮೇಲೆ ಎನ್ ಇದ್ದರೆ ಉರ್ಸಿನೂಫ್, ವೈ ಇದ್ದರೆ ವೋಲಾ, ಇ ಇದ್ದರೆ ಮೊಕೊತೂಫ್. ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಾಗ ಯಾವ ಗಾಡಿ ಎಲ್ಲಿಯದು ಅಂತ ಓದುತ್ತಾ ಕೂರುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಈಗ ಅದೂ ಪೂರ್ತಿ ನಂಬುವ ಹಾಗಿಲ್ಲ ಬಿಡಿ. 2022ರಿಂದ ಬೇರೆ ಕಡೆಯ ಕಾರು ಕೊಂಡರೂ ಹಳೇ ನಂಬರನ್ನೇ ಇಟ್ಟುಕೊಳ್ಳಬಹುದು.

ಈ ಗೋಜಲು ಬಿಡಿಸಿದ್ದು 2002ರ ಮಾರ್ಚ್ 15ರ ಕಾನೂನು. ಗ್ಮಿನಾಗಳೂ ಹೋದವು, ಜಿಲ್ಲೆಯೂ ಹೋಯಿತು. ವಾರ್ಸಾ ಒಂದೇ ನಗರವಾಗಿ, ಜಿಲ್ಲೆಯ ಅಧಿಕಾರವನ್ನೂ ತಾನೇ ಪಡೆಯಿತು. ಪಕ್ಕದ ವೆಸೊವಾ ಪಟ್ಟಣವನ್ನೂ ಸೇರಿಸಿಕೊಂಡು 18 ವಿಭಾಗಗಳಾದವು. ಆ ವರ್ಷವೇ ಜನ ಮೊದಲ ಸಲ ನೇರವಾಗಿ ಮೇಯರ್‌ನನ್ನು ಆರಿಸಿದರು. ಗೆದ್ದವರು ಲೆಖ್ ಕಾಚಿನ್‌ಸ್ಕಿ. ಮೂರೇ ವರ್ಷಕ್ಕೆ ಅವರು ದೇಶದ ಅಧ್ಯಕ್ಷರ ಚುನಾವಣೆಯನ್ನೂ ಗೆದ್ದರು.