ಮೈಲಿಗೆ ಎಷ್ಟು ಅಡಿ?

"ಸರ್, ನಿಮಿಷಕ್ಕೆ 400 ಅಡಿ ಏರಿದ್ರೆ ಸಾಕಲ್ವಾ?"

ಕೇಳಿದವನು ದಾವಣಗೆರೆ ಹುಡುಗ. ಕ್ಯಾಲಿಫೋರ್ನಿಯಾದಲ್ಲಿ ನನ್ನ ಹತ್ತಿರ ಇನ್‌ಸ್ಟ್ರುಮೆಂಟ್ ರೇಟಿಂಗ್, ಅಂದರೆ ಹೊರಗೆ ಏನೂ ಕಾಣದಿದ್ದರೂ ಉಪಕರಣ ನೋಡಿಕೊಂಡು ವಿಮಾನ ಹಾರಿಸುವುದನ್ನು, ಕಲಿಯುತ್ತಿದ್ದಾನೆ. ಗುಡ್ಡಗಳ ನಡುವಿನ ಸಣ್ಣ ಏರ್‌ಪೋರ್ಟ್, ಮಟಮಟ ಮಧ್ಯಾಹ್ನ, ಸೆಸ್ನಾ 172 ಅನ್ನೋ ಪುಟ್ಟ ವಿಮಾನ. ಪೈಲಟ್‌ಗಳ ಚಾರ್ಟ್‌ನಲ್ಲಿ ನಾಟಿಕಲ್ ಮೈಲಿಗೆ (ಸುಮಾರು 1.85 ಕಿ.ಮೀ.) 300 ಅಡಿ ಏರಬೇಕು ಅಂತಿತ್ತು. ಅವನು 80 ನಾಟ್, ಅಂದರೆ ಗಂಟೆಗೆ 80 ನಾಟಿಕಲ್ ಮೈಲಿ, ವೇಗಕ್ಕೆ ಲೆಕ್ಕ ಹಾಕಿದ್ದ. ನಾನೂ ಹೂಂ ಅಂದುಬಿಟ್ಟೆ.

ಆಮೇಲೆ ಗಾಳಿ ನೋಡಿದೆ. ಟೇಕಾಫ್ ಆಗಿ ತಿರುಗಿದ ಮೇಲೆ 20 ನಾಟ್ ಗಾಳಿ ಬೆನ್ನಿಗೆ. ಅಂದರೆ ನೆಲದ ಮೇಲಿನ ವೇಗ 100. ಅವನ ತೊಡೆಯ ಮೇಲಿದ್ದ ಪ್ಯಾಡಿನಲ್ಲಿ ಪೆನ್ಸಿಲ್‌ನಿಂದ ಬರೆದೆ: 300 ಗುಣಿಸು 100, ಭಾಗಿಸು 60. ನಿಮಿಷಕ್ಕೆ 500 ಅಡಿ ಬೇಕು. ಆ ಬಿಸಿಲಿಗೆ ನಮ್ಮ ವಿಮಾನ 450 ಕೊಟ್ಟರೆ ಹೆಚ್ಚು. ಹಾರದೆಯೇ ಇಂಜಿನ್ ಆಫ್ ಮಾಡಿ ಇಳಿದೆವು.

ಚಾರ್ಟ್‌ನಲ್ಲಿ ಬೇರೆ ಏನೂ ಹೇಳದಿದ್ದರೆ ಅಮೆರಿಕದಲ್ಲಿ ಲೆಕ್ಕ ಮೈಲಿಗೆ 200 ಅಡಿ. ರನ್‌ವೇ ತುದಿಯನ್ನು 35 ಅಡಿ ಎತ್ತರದಲ್ಲಿ ದಾಟಬೇಕು, 400 ಅಡಿ ಏರುವ ತನಕ ತಿರುಗಬಾರದು. ಗುಡ್ಡ, ಮರದಂಥ ಅಡೆತಡೆಗಳು ಮೀರಬಾರದು ಅಂತ ಹಾಕಿದ ಕಾಲ್ಪನಿಕ ಇಳಿಜಾರಿನ ಗೆರೆ ಮೈಲಿಗೆ 152 ಅಡಿ ಏರುತ್ತದೆ. ಉಳಿಯುವ ಅಂತರ ಮೈಲಿಗೆ 48 ಅಡಿ. ನಮ್ಮೂರಿನ ಒಂದು ಎತ್ತರದ ತೆಂಗಿನ ಮರದಷ್ಟೂ ಇಲ್ಲ! ಅದೂ ಇಂಜಿನ್‌ಗಳೆಲ್ಲ ಸರಿಯಾಗಿ ಓಡುತ್ತಿದ್ದರೆ ಮಾತ್ರ.

ಇನ್ನೊಂದು ವಿಷಯ ನನಗೆ ತುಂಬಾ ಮುಖ್ಯ. ಕ್ಲಿಯರೆನ್ಸ್ (ಹಾರಲು ಅನುಮತಿ) ಸಿಕ್ಕ ಮಾತ್ರಕ್ಕೆ ಅದನ್ನು ಕೊಡುವ ಏರ್ ಟ್ರಾಫಿಕ್ ಕಂಟ್ರೋಲರ್ ಗುಡ್ಡ ತಪ್ಪಿಸುತ್ತಾರೆ ಅಂದುಕೊಳ್ಳಬೇಡಿ. ಚಾರ್ಟ್‌ನಲ್ಲಿ ಕಪ್ಪು ತ್ರಿಕೋನದೊಳಗೆ 'ಟಿ' ಅಕ್ಷರ ಕಂಡರೆ ಟೇಕಾಫ್ ಪುಟ ತೆಗೆದು ಓದಿ. ಅಡೆತಡೆ ತಪ್ಪಿಸುವ ದಾರಿ ಅಲ್ಲಿರುತ್ತದೆ. ಅದನ್ನು ಸಾಮಾನ್ಯವಾಗಿ ಯಾರೂ ರೇಡಿಯೋದಲ್ಲಿ ಓದಿ ಹೇಳುವುದಿಲ್ಲ.

ಸ್ಯಾನ್ ಡಿಯೇಗೋದ ಬ್ರೌನ್ ಫೀಲ್ಡ್ ಏರ್‌ಪೋರ್ಟ್ ಹತ್ತಿರ ಓಟೇ ಬೆಟ್ಟವಿದೆ. 1991ರಲ್ಲಿ ಅಲ್ಲಿಂದ ರಾತ್ರಿ ಹೊರಟ ಜೆಟ್ ಆ ಬೆಟ್ಟಕ್ಕೆ ಬಡಿದು 10 ಜನ ಹೋದರು. 2004ರಲ್ಲಿ ಮತ್ತೆ ರಾತ್ರಿ, ಮತ್ತೆ ಅದೇ ಬೆಟ್ಟ, ಒಂದು ಲಿಯರ್‌ಜೆಟ್, 5 ಜನ. ಎರಡೂ ಸಲ ಪೈಲಟ್‌ಗಳು ಕಣ್ಣಳತೆಯಲ್ಲೇ ಹೊರಟು, ಇನ್‌ಸ್ಟ್ರುಮೆಂಟ್ ಕ್ಲಿಯರೆನ್ಸನ್ನು ಮೇಲೆ ಹೋದಮೇಲೆ ತೆಗೆದುಕೊಳ್ಳುವವರಿದ್ದರು. ಇದನ್ನು ಹೇಳುವಾಗ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮರುದಿನ ಬೆಳಿಗ್ಗೆ ಆರಕ್ಕೆ, ತಂಪಿನಲ್ಲಿ ಹೊರಟೆವು. ಗಾಳಿ ಇರಲಿಲ್ಲ. ನಿಮಿಷಕ್ಕೆ 650 ಅಡಿ ಏರುತ್ತಿತ್ತು. ಎಡಗಡೆ ಕಿಟಕಿಯ ಕೆಳಗೆ ಗುಡ್ಡದ ನೆತ್ತಿ ಹಾದುಹೋಯಿತು. ಹುಡುಗ ಅದನ್ನೇ ನೋಡುತ್ತಾ ಕೂತಿದ್ದ. "ಮುಂದೆ ನೋಡಪ್ಪ" ಅಂದೆ.