ಸುಲಭ ಅಂತ ಬರೆದವಳು ನಾನೇ

ನಮ್ಮ ಕಂಪನಿಯ ಬ್ರೋಷರ್‌ನಲ್ಲಿ ಪ್ರತಿ ಟ್ರೆಕ್ಕಿನ ಹೆಸರಿನ ಪಕ್ಕ ಒಂದು ಬಣ್ಣದ ಬೊಟ್ಟು ಇರುತ್ತದೆ. ಹಸಿರಾದರೆ ಸುಲಭ, ಹಳದಿಯಾದರೆ ಮಧ್ಯಮ, ಕೆಂಪಾದರೆ ಕಷ್ಟ. ನೇಪಾಳದ ಘೋರೆಪಾನಿ–ಘಾಂದ್ರುಕ್ ಟ್ರೆಕ್ಕಿಗೆ ಹಸಿರು ಬೊಟ್ಟು ಇಟ್ಟವಳು ನಾನು. ಇಡುವಾಗ ಕೈ ಒಂದು ಕ್ಷಣವೂ ತಡೆಯಲಿಲ್ಲ. ಹಗ್ಗ ಬೇಡ, ಹಿಮದ ಮೇಲೆ ನಡೆಯುವುದಿಲ್ಲ, ಟೆಂಟ್ ಇಲ್ಲ. ದಿನವೂ ಹಾಸಿಗೆ, ದಿನವೂ ಬಿಸಿ ಊಟ, ಮುಂದೆ ಗೈಡ್, ಸಾಮಾನು ಹೊರಲು ಪೋರ್ಟರ್. ಇದು ಸುಲಭ ಅಲ್ಲದಿದ್ದರೆ ಇನ್ಯಾವುದು?

ನನ್ನ ಕೆಲಸ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಕಾರ್ಡಿನಲ್ಲಿ ‘ಟ್ರೆಕ್ ಲೀಡರ್’ ಅಂತ ಇದ್ದರೂ ದಾರಿ ತೋರಿಸುವವಳು ನಾನಲ್ಲ. ಅದು ನೇಪಾಳದ ಲೈಸೆನ್ಸ್ ಇರುವ ಗೈಡ್ ಕೆಲಸ. ಕನ್ನಡದವರ ಬ್ಯಾಚ್ ಜೊತೆ ಹೋಗಿ, ಅವರಿಗೂ ಗೈಡ್‌ಗೂ ನಡುವೆ ಸೇತುವೆಯಂತೆ ಇರುವುದು ನನ್ನ ಪಾಲು. ಯಾರಿಗೆ ಯಾವ ರೂಮು, ಯಾರು ಬೆಳ್ಳುಳ್ಳಿ ತಿನ್ನುವುದಿಲ್ಲ, ಯಾರ ಚಟ್ನಿಪುಡಿ ಡಬ್ಬಿ ಯಾರ ಬ್ಯಾಗಿನಲ್ಲಿ ಸೋರಿದೆ, ಇಂಥದ್ದೆಲ್ಲ. ಹೊರಡುವ ಮೊದಲೇ ‘ವಿಮಾನಕ್ಕೆ ಆಧಾರ್ ಕಾರ್ಡ್ ನಡೆಯೋದಿಲ್ಲ, ಪಾಸ್‌ಪೋರ್ಟ್ ಇಲ್ಲವೇ ವೋಟರ್ ಐಡಿ ತನ್ನಿ’ ಅಂತ ಹತ್ತು ಸಲ ಹೇಳುವುದೂ ಅದರಲ್ಲೇ ಸೇರಿದೆ. ಹತ್ತು ಸಲ ಹೇಳಿದರೂ ಒಬ್ಬರು ಆಧಾರ್ ಹಿಡಿದುಕೊಂಡೇ ಬರುತ್ತಾರೆ, ಅದು ಬೇರೆ ಕಥೆ.

ಈ ದಾರಿ ಅನ್ನಪೂರ್ಣ ಶ್ರೇಣಿಯ ಅಡಿಬೆಟ್ಟಗಳಲ್ಲಿ ಹೋಗುತ್ತದೆ. ಪೋಖರಾ ಇರುವುದು ಸುಮಾರು 820 ಮೀಟರ್ ಎತ್ತರದಲ್ಲಿ. ಅಲ್ಲಿಂದ ಬಸ್ಸಿನಲ್ಲಿ ನಯಾಪುಲ್, ಹೊಳೆ ದಾಟಿದರೆ ಬಿರೇಠಾಂಟಿ, ಅಲ್ಲಿ ಪರ್ಮಿಟ್ ತಪಾಸಣೆ. ಆಮೇಲೆ ಹೊಳೆಯ ಬದಿಯಲ್ಲೇ ತಿಖೇಢುಂಗಾ. ಅಲ್ಲಿಂದ ಉಲ್ಲೇರಿಯವರೆಗೆ ಕಲ್ಲಿನ ಮೆಟ್ಟಿಲು, ಮೂರು ಸಾವಿರಕ್ಕೂ ಹೆಚ್ಚು. ಉಲ್ಲೇರಿ ಹೆಚ್ಚುಕಡಿಮೆ 2,000 ಮೀಟರ್. ಮರುದಿನ ಗುರಾಸ್ ಹೂಮರಗಳ ಕಾಡಿನೊಳಗೆ ನಡೆದು 2,860 ಮೀಟರ್ ಎತ್ತರದ ಘೋರೆಪಾನಿ. ಮೂರನೇ ದಿನ ಬೆಳಗಿನ ಕತ್ತಲಲ್ಲಿ 3,210 ಮೀಟರ್‌ನ ಪೂನ್ ಹಿಲ್ ಹತ್ತಿ ಸೂರ್ಯೋದಯ ನೋಡಿ, ತಾಡಾಪಾನಿಗೆ. ನಾಲ್ಕನೇ ದಿನ ಘಾಂದ್ರುಕ್. ಐದನೇ ದಿನ ವಾಪಸ್. ಇದು ಹಳೆಯ ಐಟಿನರಿ.

ಅಷ್ಟರಲ್ಲಿ ಉಲ್ಲೇರಿಯವರೆಗೂ ಜೀಪ್ ರಸ್ತೆ ಬಂತು. ಹಿಂದಿನ ಬ್ಯಾಚುಗಳ ಫೀಡ್‌ಬ್ಯಾಕ್ ಫಾರಂ ತೆಗೆದು ನೋಡಿದರೆ ಮುಕ್ಕಾಲುಪಾಲು ಜನರ ಗೋಳು ಅದೇ ಮೆಟ್ಟಿಲುಗಳದ್ದು. ನನಗೆ ತಕ್ಷಣ ಹೊಳೆಯಿತು: ಮೆಟ್ಟಿಲನ್ನೇ ತೆಗೆದುಬಿಟ್ಟರೆ? ಬೆಳಿಗ್ಗೆ ಪೋಖರಾದಲ್ಲಿ ಜೀಪ್ ಹತ್ತಿದರೆ ಹನ್ನೊಂದರೊಳಗೆ ಉಲ್ಲೇರಿ, ಸಂಜೆಗೆ ಘೋರೆಪಾನಿ. ಒಂದು ದಿನ ಉಳಿತಾಯ. ಗಿರಾಕಿಗೆ ಒಂದು ರಜೆ ಉಳಿಯಿತು, ಕಂಪನಿಗೆ ಒಂದು ರಾತ್ರಿಯ ರೂಮಿನ ಖರ್ಚು ಉಳಿಯಿತು. ಆಫೀಸಿನಲ್ಲಿ ಎಲ್ಲರೂ ಮೆಚ್ಚಿದರು. ನಾನೂ ಹಿಗ್ಗಿದೆ. ಹಸಿರು ಬೊಟ್ಟು ಇನ್ನಷ್ಟು ಹಸಿರಾಯಿತು.

ನಮ್ಮ ಗೈಡ್‌ಗೆ ಫೋನಿನಲ್ಲಿ ಹೊಸ ಪ್ಲಾನ್ ಹೇಳಿದಾಗ ಅವರು ‘ಹುಂಛ, ದೀದಿ’ ಅಂದರು, ಆಗಲಿ ಅಂತ. ಆದರೆ ಅನ್ನುವ ಮೊದಲು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆ ಮೌನವನ್ನು ನಾನು ನೆಟ್‌ವರ್ಕ್ ಸಮಸ್ಯೆ ಅಂದುಕೊಂಡೆ.

ಅದು ಮಾರ್ಚ್ ತಿಂಗಳ ಬ್ಯಾಚ್. ಹದಿನಾಲ್ಕು ಜನ. ಬನ್‌ಠಾಂಟಿ ಅನ್ನುವ ಊರು ದಾಟಿದ ಮೇಲೆ ಕಾಡೆಲ್ಲ ಕೆಂಪು, ಲಾಲಿಗುರಾಸ್ ಹೂವು. ನೇಪಾಳದ ರಾಷ್ಟ್ರೀಯ ಹೂವು ಅದು. ಹೂವು ನೋಡುತ್ತ, ಫೋಟೊ ಹೊಡೆಯುತ್ತ, ಹೇಸರಗತ್ತೆಗಳ ಸಾಲು ಬಂದಾಗ ಗುಡ್ಡದ ಬದಿಗೆ ಒತ್ತಿ ನಿಲ್ಲುತ್ತ ನಡೆದೆವು. (ಗುಡ್ಡದ ಬದಿಗೇ ನಿಲ್ಲಬೇಕು. ಕಣಿವೆಯ ಬದಿಗೆ ನಿಂತರೆ ಮೂಟೆ ತಗುಲಿ ಕೆಳಗೆ ಹೋಗುತ್ತೀರಿ. ಇದನ್ನು ಮಾತ್ರ ನಾನು ಯಾವತ್ತೂ ಮೆಲ್ಲಗೆ ಹೇಳುವುದಿಲ್ಲ, ಕಿರುಚಿಯೇ ಹೇಳುತ್ತೇನೆ.)

ಬ್ಯಾಚಿನಲ್ಲಿ ಅರವತ್ತೈದು ದಾಟಿದ ಅಮ್ಮ ಒಬ್ಬರಿದ್ದರು. ಗಂಟೆಗೊಮ್ಮೆ ಮಂಡಿ, ಸೊಂಟ, ಹೊಟ್ಟೆ, ಹಿಮ್ಮಡಿ ಎಲ್ಲದರ ವರದಿ ಕೊಡುತ್ತಿದ್ದರು. ‘ಏನಮ್ಮಾ, ಇನ್ನೂ ಎಷ್ಟಿದೆ? ಸುಳ್ಳು ಹೇಳಬೇಡ’ ಅಂತ ನನ್ನನ್ನು ಗದರಿಸುತ್ತಿದ್ದರು. ಅವರ ಮೇಲೆಯೇ ನನ್ನ ಗಮನವೆಲ್ಲ. ಇನ್ನೊಬ್ಬರು ನಲವತ್ತರ ಆಸುಪಾಸಿನವರು, ಪ್ರತಿ ಭಾನುವಾರ ಹತ್ತು ಕಿಲೋಮೀಟರ್ ಓಡುವವರು. ಎಲ್ಲರಿಗಿಂತ ಮುಂದೆ ನಡೆದು, ಎಲ್ಲರಿಗಿಂತ ಮೊದಲು ಘೋರೆಪಾನಿ ಮುಟ್ಟಿ, ಬಾಗಿಲಲ್ಲಿ ನಿಂತು ನಮ್ಮನ್ನು ಸ್ವಾಗತಿಸಿದರು. ಅವರ ಕಡೆ ನಾನು ತಿರುಗಿಯೂ ನೋಡಲಿಲ್ಲ. ನೋಡುವ ಅಗತ್ಯ ಏನಿತ್ತು?

ಊಟಕ್ಕೆ ಮೊದಲು ಎಲ್ಲರನ್ನೂ ಬುಖಾರಿಯ, ಅಂದರೆ ಕೋಣೆ ಬಿಸಿಮಾಡುವ ಒಲೆಯ, ಸುತ್ತ ಕೂರಿಸಿ ಕೇಳಿದೆ, ‘ಎಲ್ಲರೂ ಸರಿ ಇದ್ದೀರಾ?’ ‘ಸರಿ ಇದ್ದೀವಿ!’ ಒಂದೇ ದನಿ, ಶಾಲೆಯಲ್ಲಿ ‘ನಮಸ್ತೇ ಟೀಚರ್’ ಅಂದ ಹಾಗೆ. ಆಮೇಲೆ ದಾಲ್ ಭಾತ್ ಬಂತು. ಅಲ್ಲಿ ದಾಲ್ ಭಾತ್‌ಗೆ ಎರಡನೇ ಸಲ ದುಡ್ಡಿಲ್ಲ, ಅನ್ನ, ಬೇಳೆ, ಪಲ್ಯ ಬೇಕಾದಷ್ಟು ಬಡಿಸುತ್ತಾರೆ. ಊಟ ಮುಗಿದ ಮೇಲೆ ಗೈಡ್ ದಾಯಿ (ನೇಪಾಳಿಯಲ್ಲಿ ದಾಯಿ ಅಂದರೆ ಅಣ್ಣ) ನನ್ನನ್ನು ಅಡುಗೆಮನೆ ಬಾಗಿಲಿಗೆ ಕರೆದರು.

‘ದೀದಿ, ಆ ಓಡುವ ಸಾರ್ ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ. ಮೊದಲನೇದನ್ನೂ ಅರ್ಧ ಬಿಟ್ಟರು.’

‘ಅವರು ಡಯಟ್‌ನಲ್ಲಿರಬೇಕು, ದಾಯಿ.’

ಈ ಇಡೀ ಬರಹದಲ್ಲಿ ನನಗೆ ನಾಚಿಕೆ ತರುವ ಸಾಲು ಇದೊಂದೇ. ಇಪ್ಪತ್ತು ವರ್ಷ ಈ ದಾರಿಯಲ್ಲಿ ಜನರನ್ನು ನಡೆಸಿದ ಮನುಷ್ಯ ತಟ್ಟೆ ನೋಡಿ ಹೇಳಿದ್ದನ್ನು ನಾನು ಒಂದು ತಮಾಷೆಯ ಮಾತಿನಲ್ಲಿ ತಳ್ಳಿಹಾಕಿದೆ.

ರಾತ್ರಿ ಒಂದು ಗಂಟೆಗೆ ಆ ಓಡುವ ಸಾರ್ ಅವರ ರೂಮ್‌ಮೇಟ್ ಬಂದು ಬಾಗಿಲು ಬಡಿದರು. ಎರಡು ಸಲ ವಾಂತಿ, ತಲೆ ಸಿಡಿಯುವಷ್ಟು ನೋವು. ಸಾಮಾನ್ಯವಾಗಿ 2,500 ಮೀಟರ್ ಮೇಲೆ ಕಾಣಿಸಿಕೊಳ್ಳುವ ಎತ್ತರದ ಕಾಯಿಲೆ ಹೀಗೆಯೇ. ಮುಟ್ಟಿದ ಕೂಡಲೇ ಜೋರಾಗುವುದಿಲ್ಲ, ಹೆಚ್ಚಾಗಿ ಆರರಿಂದ ಹನ್ನೆರಡು ಗಂಟೆ ಬಿಟ್ಟು, ಮಲಗಿದ ಮೇಲೆ ಬರುತ್ತದೆ. ಅದಕ್ಕೂ ದೇಹದ ಕಸುವಿಗೂ ಸಂಬಂಧವೇ ಇಲ್ಲ. ಓಡುವವರ ಹೃದಯ, ಕಾಲು ಗಟ್ಟಿಯಿರಬಹುದು. ಆದರೆ ತೆಳುಗಾಳಿಗೆ ಒಗ್ಗಿಕೊಳ್ಳಲು ದೇಹಕ್ಕೆ ಬೇಕಾಗಿರುವುದು ಸಮಯ. ಬೆಳಿಗ್ಗೆ 820 ಮೀಟರ್‌ನಲ್ಲಿ ತಿಂಡಿ ತಿಂದವರನ್ನು ಅದೇ ದಿನ 2,860ರಲ್ಲಿ ಮಲಗಿಸಿದವಳು ನಾನು. ಹಳೆಯ ಐಟಿನರಿಯಲ್ಲಿ ನಡುವೆ ಒಂದು ರಾತ್ರಿ ಇತ್ತು. ಜನ ಬೈದುಕೊಂಡು ಹತ್ತುತ್ತಿದ್ದ ಆ ಮೂರು ಸಾವಿರ ಮೆಟ್ಟಿಲು ಅವರನ್ನು ಉಲ್ಲೇರಿಯ ಆಸುಪಾಸಿನಲ್ಲೇ ಸುಸ್ತಾಗಿಸಿ ಮಲಗಿಸುತ್ತಿತ್ತು. ಅದರ ಉಪಯೋಗ ನನಗೆ ಗೊತ್ತಾಗಿದ್ದು ಅದನ್ನು ತೆಗೆದ ಮೇಲೆ.

ದಾಯಿ ಬಂದು ಅವರನ್ನು ಎಬ್ಬಿಸಿ ನಿಲ್ಲಿಸಿದರು. ಹಲಗೆಯ ನೆಲದ ಗೆರೆಯೊಂದರ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನೇರ ನಡೆಯಲು ಹೇಳಿದರು. ನಡೆದರು, ತೂರಾಡಲಿಲ್ಲ. ಮಾತು ಸ್ಪಷ್ಟವಿತ್ತು, ಉಸಿರು ನಿರಾಳವಾಗಿತ್ತು. ಹಾಗಾಗಿ ಕತ್ತಲಲ್ಲಿ ಇಳಿಸುವುದು ಬೇಡ, ಬೆಳಕು ಹರಿದ ಕೂಡಲೇ ಇಳಿಸೋಣ ಅಂತ ತೀರ್ಮಾನ. ಹೆಜ್ಜೆ ತಪ್ಪಿದ್ದರೆ ಆಗಲೇ ಇಳಿಸುತ್ತಿದ್ದೆವು, ಎಷ್ಟೇ ಹೊತ್ತಾಗಿದ್ದರೂ. ಬೆಳಗಿನವರೆಗೂ ಅವರ ರೂಮಿನಲ್ಲಿ ಕುಳಿತು ಗಂಟೆಗೊಮ್ಮೆ ಮಾತಾಡಿಸಿದೆ. ಪಾಪ, ಅವರಿಗೆ ನಿದ್ದೆಯೂ ಸಿಗಲಿಲ್ಲ.

ನಾಲ್ಕೂವರೆಗೆ ಉಳಿದವರನ್ನು ದಾಯಿ ಪೂನ್ ಹಿಲ್‌ಗೆ ಕರೆದೊಯ್ದರು. ಇಬ್ಬರು ಕಾಲು ಗಂಟೆ ತಡವಾಗಿ ಎದ್ದರಂತೆ. ನೇಪಾಳದ ಗಡಿಯಾರ ನಮ್ಮದಕ್ಕಿಂತ 15 ನಿಮಿಷ ಮುಂದೆ, ಅವರ ಫೋನ್ ಇನ್ನೂ ಭಾರತದ ಸಮಯದಲ್ಲೇ ಇತ್ತು. ಆ ಅಮ್ಮ ಮಾತ್ರ ಎಲ್ಲರಿಗಿಂತ ಮೊದಲು ಶಾಲು ಹೊದ್ದು ನಿಂತಿದ್ದರಂತೆ. 8,167 ಮೀಟರ್‌ನ ಧೌಲಾಗಿರಿ ಮೇಲೆ ಮೊದಲ ಬಿಸಿಲು ಬಿದ್ದಾಗ ಅವರ ಮಂಡಿಯ ವರದಿ ಬರಲಿಲ್ಲ ಅಂತ ಆಮೇಲೆ ಕೇಳಿದೆ.

ನಾನು, ಓಡುವ ಸಾರ್, ಒಬ್ಬ ಪೋರ್ಟರ್ ಹುಡುಗ ಕೆಳಗಿಳಿದೆವು. ಮುನ್ನೂರು, ನಾನ್ನೂರು ಮೀಟರ್ ಇಳಿಯುವಷ್ಟರಲ್ಲಿ ಅವರ ಮುಖಕ್ಕೆ ಬಣ್ಣ ಬಂತು. ದಾರಿಬದಿಯಲ್ಲಿ ಚೌತಾರಿ ಒಂದು ಸಿಕ್ಕಿತು. ಥೇಟ್ ನಮ್ಮ ಅರಳಿಕಟ್ಟೆಯೇ, ಹೊರೆ ಹೊತ್ತವರು ಬಗ್ಗದೆ ನಿಂತಲ್ಲೇ ಹೊರೆಯನ್ನು ಹಿಂದಕ್ಕೆ ಊರಲು ಅನುಕೂಲವಾಗುವ ಎತ್ತರಕ್ಕೆ ಕಲ್ಲು ಕಟ್ಟಿರುತ್ತಾರೆ. ಹುಡುಗ ಹಣೆಯ ನಾಮ್ಲೋ ಪಟ್ಟಿ ಸಡಿಲಿಸಿದ. ನಾವೂ ಕುಳಿತೆವು. ಅವರು ಟೀ ಕೇಳಿದರು, ಬಿಸ್ಕತ್ತು ಕೇಳಿದರು. ನನಗೆ ಜೀವ ಬಂದ ಹಾಗಾಯಿತು.

‘ಸಾರ್, ತಲೆನೋವು ಯಾವಾಗ ಶುರುವಾಯ್ತು?’

‘ಸಂಜೆ ಐದಕ್ಕೇ, ಮೇಡಂ.’

‘ನಾನು ಕೇಳಿದಾಗ ಹೇಳಲಿಲ್ಲವಲ್ಲ?’

ಅವರು ಲೋಟ ಕೆಳಗಿಟ್ಟರು. ‘ನೀವು ಸುಲಭ ಅಂತ ಬರೆದಿದ್ರಿ. ಅಷ್ಟು ವಯಸ್ಸಾದ ಅಮ್ಮನೇ ನಗ್ತಾ ಊಟ ಮಾಡ್ತಿದ್ರು. ಸುಲಭದ ಟ್ರೆಕ್ಕಿನಲ್ಲಿ ನಾನು ತಲೆನೋವು ಅಂತ ಹೇಗೆ ಹೇಳಲಿ?’

ಅಲ್ಲಿಯವರೆಗೂ ನನ್ನ ತಪ್ಪು ಜೀಪಿನದ್ದು ಅಂತಲೇ ಅಂದುಕೊಂಡಿದ್ದೆ. ಜೀಪಿನ ತಪ್ಪನ್ನು ಒಂದು ರಾತ್ರಿ ಸೇರಿಸಿ ಸರಿಮಾಡಬಹುದು, ಮಾಡಿಯೂ ಆಯಿತು. ಆದರೆ ‘ಸುಲಭ’ ಅನ್ನುವ ಪದ ಜನರ ಬಾಯಿ ಕಟ್ಟುತ್ತದೆ ಅಂತ ನನಗೆ ಯಾವ ತರಬೇತಿಯಲ್ಲೂ ಯಾರೂ ಹೇಳಿರಲಿಲ್ಲ. ಕಷ್ಟದ ಟ್ರೆಕ್ಕಿನಲ್ಲಿ ನೋವು ಹೇಳಿಕೊಳ್ಳುವುದು ಮರ್ಯಾದೆಯ ಮಾತು. ಸುಲಭದ್ದರಲ್ಲಿ ಹೇಳಿಕೊಂಡರೆ ಅದು ತನ್ನದೇ ಕೊರತೆ ಅಂತ ಆಗುತ್ತದೆ. ಅದರಲ್ಲೂ ಗಟ್ಟಿಮುಟ್ಟಾದವರು, ಗಂಡಸರು, ಜೊತೆಗೆ ಆಫೀಸಿನ ಸಹೋದ್ಯೋಗಿಗಳನ್ನು ಕರೆತಂದವರು ಸತ್ತರೂ ಬಾಯಿ ಬಿಡುವುದಿಲ್ಲ. ಗೊಣಗುವವರಿಂದ ನನಗೆ ಯಾವತ್ತೂ ತೊಂದರೆ ಆಗಿಲ್ಲ. ಆ ಅಮ್ಮನ ಮಂಡಿಯ ಸ್ಥಿತಿ ನನಗೆ ಹೆಜ್ಜೆ ಹೆಜ್ಜೆಗೂ ಗೊತ್ತಿತ್ತು.

ಉಲ್ಲೇರಿಯಿಂದ ಜೀಪ್ ಹಿಡಿದು, ಕೆಳಗಿಳಿದು, ಬೇರೆ ರಸ್ತೆಯಲ್ಲಿ ಘಾಂದ್ರುಕ್ ತಲುಪಿದೆವು. ಸುಮಾರು 2,000 ಮೀಟರ್, ಮಲಗಲು ಭಯವಿಲ್ಲದ ಎತ್ತರ. ಉಳಿದವರು ತಾಡಾಪಾನಿಯಿಂದ ಇಳಿದು ಬರುವುದು ಮರುದಿನ. ಹೀಗೆ ಬ್ಯಾಚ್ ಇಲ್ಲದೆ ಆ ಊರಿನಲ್ಲಿ ಇಡೀ ಒಂದು ದಿನ ಕಳೆದದ್ದು ನನಗೆ ಅದೇ ಮೊದಲು. ಘಾಂದ್ರುಕ್ ಗುರುಂಗ್ ಜನರ ಊರು. ಕಲ್ಲುಹಾಸಿನ ಓಣಿ, ಕಪ್ಪುಕಲ್ಲಿನ ಹಲಗೆ ಹೊದಿಸಿದ ಸೂರು, ಅಂಗಳದಿಂದಲೇ ಅನ್ನಪೂರ್ಣ ಸೌತ್, ಅದರ ಪಕ್ಕ ಮೀನಿನ ಬಾಲದಂತೆ ಸೀಳಿದ ಮಾಛಾಪುಛ್ರೆ. ಅದನ್ನು ಹತ್ತಲು ಯಾರಿಗೂ ಅನುಮತಿ ಇಲ್ಲ. ಅನ್ನಪೂರ್ಣ ಸಂರಕ್ಷಣಾ ಪ್ರದೇಶದ ಕೆಲಸ 1986ರಲ್ಲಿ ಶುರುವಾದದ್ದು ಇದೇ ಊರಿನಿಂದ. ಈಗ ಅದು 7,629 ಚದರ ಕಿಲೋಮೀಟರ್. ಊರವರನ್ನು ಹೊರಗೆ ಕಳಿಸದೆ, ಅವರನ್ನು ಒಳಗಿಟ್ಟುಕೊಂಡೇ ಕಾಡು ಕಾಯುವ ಏರ್ಪಾಡು. ಬಿರೇಠಾಂಟಿಯಲ್ಲಿ ತೋರಿಸುವ ಪರ್ಮಿಟ್ ಅದರದ್ದೇ.

ಬ್ರೋಷರ್‌ನಲ್ಲಿ ಈ ಊರಿಗೆ ನಾನು ಬರೆದದ್ದು ‘ಸಾಂಪ್ರದಾಯಿಕ ಹಳ್ಳಿ, 45 ನಿಮಿಷದ ನಡಿಗೆ’. ಮಧ್ಯಾಹ್ನ ಲಾಡ್ಜಿನ ಅಂಗಳದಲ್ಲಿ ಕುಳಿತಿದ್ದಾಗ ಪಕ್ಕದ ಮನೆಯ ಅಜ್ಜ ಬಂದು ಬೆಂಚಿನ ತುದಿಗೆ ಕುಳಿತರು. ಭಾರತದ ಸೇನೆಯಲ್ಲಿ ಗೂರ್ಖಾ ರೆಜಿಮೆಂಟಿನಲ್ಲಿದ್ದು ನಿವೃತ್ತರಾದವರು, ನಮ್ಮಿಬ್ಬರಿಗಿಂತ ಚೆನ್ನಾಗಿ ಹಿಂದಿ ಮಾತಾಡಿದರು. 1947ರಲ್ಲಿ ಹತ್ತು ಗೂರ್ಖಾ ರೆಜಿಮೆಂಟುಗಳಲ್ಲಿ ಆರು ಭಾರತಕ್ಕೆ, ನಾಲ್ಕು ಬ್ರಿಟನ್ನಿಗೆ ಹಂಚಿಹೋದದ್ದನ್ನು ಮನೆಯ ಪಾಲುಪಟ್ಟಿ ಹೇಳಿದ ಹಾಗೆ ಬೆರಳೆಣಿಸಿ ಹೇಳಿದರು. ನಮ್ಮ ಓಟಗಾರರು ತಲೆನೋವು ಮರೆತು ಎರಡು ಗಂಟೆ ಕೇಳಿದರು. ಪೂನ್ ಹಿಲ್ ತಪ್ಪಿದ್ದಕ್ಕೆ ಅವರು ಒಮ್ಮೆಯೂ ಕೊರಗಲಿಲ್ಲ. ನಾನು ಮಾತ್ರ ಆ ‘45 ನಿಮಿಷ’ವನ್ನು ನೆನೆಸಿಕೊಂಡು ಒಳಗೊಳಗೇ ಕುಗ್ಗುತ್ತಿದ್ದೆ.

ವಾಪಸ್ ಬಂದ ಮೇಲೆ ಆಫೀಸಿನಲ್ಲಿ ಜಗಳವೇ ಆಯಿತು. ಐದು ದಿನದ ಐಟಿನರಿಗೆ ಮರಳೋಣ ಅಂದರೆ ಮಾರಾಟದವರು ಒಪ್ಪಲಿಲ್ಲ, ‘ಬೇರೆಯವರು ನಾಲ್ಕು ದಿನದಲ್ಲೇ ಮಾಡಿಸ್ತಾರೆ’ ಅಂತ. ಕೊನೆಗೆ ನಡುಹಾದಿ ಹಿಡಿದೆವು: ಮಂಡಿನೋವಿನವರು ಬೇಕಾದರೆ ಜೀಪಿನಲ್ಲಿ ಬರಲಿ, ಮೆಟ್ಟಿಲು ಹತ್ತುವವರು ಹತ್ತಲಿ, ಆದರೆ ಮೊದಲ ರಾತ್ರಿ ಎಲ್ಲರೂ ಉಲ್ಲೇರಿಯಲ್ಲೇ. ಘಾಂದ್ರುಕ್‌ನಲ್ಲಿ ಮಧ್ಯಾಹ್ನದಿಂದ ಯಾವ ಕಾರ್ಯಕ್ರಮವೂ ಇಲ್ಲ. ಬೊಟ್ಟುಗಳನ್ನು ತೆಗೆಸಿದೆ. ಅದರ ಜಾಗದಲ್ಲಿ ಈಗ ಯಾವ ದಿನ ಎಷ್ಟು ಮೀಟರ್ ಏರು, ಎಷ್ಟು ಇಳುವು, ಎಷ್ಟು ಗಂಟೆ ನಡಿಗೆ ಅಂತ ಮಾತ್ರ ಇರುತ್ತದೆ. ಇಳುವನ್ನು ದಪ್ಪಕ್ಷರದಲ್ಲಿ ಹಾಕಿಸಿದ್ದೇನೆ. ಏರುವಾಗ ಉಸಿರು ಹೋದರೂ ಐದು ನಿಮಿಷ ನಿಂತರೆ ವಾಪಸ್ ಬರುತ್ತದೆ, ಇಳಿಯುವಾಗ ಹೋದ ತೊಡೆ ಮೂರು ದಿನ ವಾಪಸ್ ಬರುವುದಿಲ್ಲ.

‘ಎಲ್ಲರೂ ಸರೀನಾ’ ಅಂತ ಕೇಳುವುದನ್ನು ಬಿಟ್ಟಿದ್ದೇನೆ. ಸಂಜೆ ಒಬ್ಬೊಬ್ಬರ ಪಕ್ಕ ಕುಳಿತು ‘ತಲೆನೋವು ಎಷ್ಟಿದೆ’ ಅಂತ ಕೇಳುತ್ತೇನೆ, ಇದೆಯೋ ಇಲ್ಲವೋ ಅಂತ ಅಲ್ಲ. ಎಷ್ಟು ಅಂದಾಗ ‘ಸ್ವಲ್ಪ’ ಅಂತಾದರೂ ಬಾಯಿಗೆ ಬರುತ್ತದೆ. ನಾನೂ ನನ್ನ ತಲೆನೋವನ್ನು ಮೊದಲೇ ಹೇಳಿಬಿಡುತ್ತೇನೆ, ಇದ್ದರೆ. ಊಟದ ಹೊತ್ತಿಗೆ ನನ್ನ ತಟ್ಟೆ ಹಿಡಿದು ದಾಯಿಯ ಜೊತೆ ಅಡುಗೆಮನೆ ಬಾಗಿಲಲ್ಲೇ ನಿಲ್ಲುತ್ತೇನೆ. ಯಾರು ಎರಡನೇ ಸಲ ಬಡಿಸಿಕೊಂಡರು, ಯಾರು ಅನ್ನ ಕಲಸುತ್ತ ಕುಳಿತರು ಅನ್ನುವುದು ಅಲ್ಲಿಂದ ಚೆನ್ನಾಗಿ ಕಾಣುತ್ತದೆ.

ದಾಯಿಗೆ ಕ್ಷಮೆ ಕೇಳಿದೆ. ಫೋನಿನಲ್ಲಿ ಸುಮ್ಮನಿದ್ದದ್ದು ಯಾಕೆ ಅಂತಲೂ ಕೇಳಿದೆ. ‘ನೀವು ಖುಷಿಯಲ್ಲಿದ್ದಿರಿ, ದೀದಿ’ ಅಂದರು. ಅವರ ಬಾಯನ್ನೂ ಕಟ್ಟಿದ್ದು ನಾನೇ ಅಂತ ಆಗ ಗೊತ್ತಾಯಿತು. ಈಗ ಐಟಿನರಿ ಬದಲಾಯಿಸುವ ಮೊದಲು ಅವರಿಗೆ ಪ್ಲಾನ್ ಹೇಳುವುದಿಲ್ಲ, ‘ಇದರಲ್ಲಿ ಏನು ಕೆಡಬಹುದು’ ಅಂತಷ್ಟೇ ಕೇಳುತ್ತೇನೆ. ಉತ್ತರ ಉದ್ದ ಬರುತ್ತದೆ.

ಮೊನ್ನೆ ಅಕ್ಟೋಬರ್ ಬ್ಯಾಚಿಗೆ ವಿಚಾರಿಸಿ ಒಬ್ಬರು ಫೋನ್ ಮಾಡಿದ್ದರು. ಮೊದಲ ಪ್ರಶ್ನೆ ಅದೇ, ‘ಸುಲಭ ಇದೆಯಾ ಮೇಡಂ?’

‘ನಿಮ್ಮ ಮನೆ ಎಷ್ಟನೇ ಮಹಡಿ, ಸಾರ್?’

‘ಆರನೇದು. ಯಾಕೆ?’

‘ಉಲ್ಲೇರಿಯ ಮೆಟ್ಟಿಲು ಅಂದರೆ ಹತ್ತಿರ ಹತ್ತಿರ ನೂರೈವತ್ತು ಮಹಡಿ. ನಿಮ್ಮ ಕಟ್ಟಡವನ್ನು ಇಪ್ಪತ್ತೈದು ಸಲ ಹತ್ತಿದ ಹಾಗೆ.’

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಈ ಸಲ ನೆಟ್‌ವರ್ಕ್ ಅಂದುಕೊಳ್ಳಲಿಲ್ಲ, ಕಾದೆ.

‘ಲಿಫ್ಟ್ ಇದೆ ಮೇಡಂ, ನಾನು ಹತ್ತೇ ಇಲ್ಲ ಯಾವತ್ತೂ. ನಾಳೆ ಒಂದು ಸಲ ಹತ್ತಿ ನೋಡಿ ಫೋನ್ ಮಾಡ್ಲಾ?’